ಕೂಸಿಗೆ ತರಕಾರಿ ಪ್ಯೂರಿ: ಮಕ್ಕಳ ಡಾಕ್ಟರ್‌ಗೆ ಕೇಳಿ (ಕಲಬುರಗಿ ತಾಯಂದಿರ ಗುಂಪು)

ಅಡ್ಮಿನ್: ಸಂಜೆ ಏಳರಿಂದ ಮಕ್ಕಳ ಡಾಕ್ಟರ್ ನಮ್ಮ ಜೊತೆ ಇರುತ್ತಾರೆ. ಮನೆಯಲ್ಲೇ ತರಕಾರಿ ಬೇಯಿಸಿ ಅರೆದು ಕೂಸಿಗೆ ಕೊಡುವ ಬಗ್ಗೆ ಕೇಳಿ.

ಶಹಾಬಾದ್ ತಾಯಿ: ಡಾಕ್ಟ್ರೇ, ಮಗನಿಗೆ ಐದು ತಿಂಗಳು. ಗಜ್ಜರಿ ಶುರು ಮಾಡಲೇ?

ಡಾಕ್ಟರ್: ಬೇಡಮ್ಮ. ಆರು ತಿಂಗಳು ತುಂಬಲಿ. ಅಲ್ಲಿವರೆಗೆ ಎದೆಹಾಲು ಮಾತ್ರ. ಈ ಬಿಸಿಲಿನಲ್ಲೂ ನೀರು ಬೇಡ.

ಸೇಡಂ ತಾಯಿ: ಮಗಳಿಗೆ ಏಳು ತಿಂಗಳು. ದಿನಾ ಕುಂಬಳಕಾಯಿ, ಗಜ್ಜರಿ ಅರೆದು ಕೊಡುತ್ತೇನೆ. ಆದರೂ ತೂಕ ಏರುತ್ತಿಲ್ಲ.

ಡಾಕ್ಟರ್: ತೆಳ್ಳಗೆ ಮಾಡುತ್ತೀರಾ? ಚಮಚ ಓರೆ ಮಾಡಿದರೆ ಹರಿದು ಹೋಗಬಾರದು. ಬರೀ ತರಕಾರಿಯಲ್ಲಿ ನೀರೇ ಜಾಸ್ತಿ. ಹೊಟ್ಟೆ ತುಂಬುತ್ತದೆ, ಶಕ್ತಿ ಸಿಗೋದಿಲ್ಲ. ತೊಗರಿ ಬೆಳೆಯುವ ನಾಡಿನಲ್ಲಿದ್ದೀರಿ. ಬೇಳೆ, ಅನ್ನ ಮೆತ್ತಗೆ ಬೇಯಿಸಿ, ಅದರಲ್ಲಿ ತರಕಾರಿ ಹಿಸುಕಿ, ಒಂದು ಚಮಚ ತುಪ್ಪ ಹಾಕಿ. ಆರು ತಿಂಗಳಾದ ಮೇಲೆ ಎದೆಹಾಲಿನ ಕಬ್ಬಿಣಾಂಶ ಒಂದೇ ಸಾಲದು. ಮೊಟ್ಟೆ ತಿನ್ನುವ ಮನೆಯಾದರೆ ಪೂರ್ತಿ ಬೇಯಿಸಿ ಅದನ್ನೂ ಕೊಡಿ. ಉಪ್ಪು, ಸಕ್ಕರೆ ಬೇಡ. ನಾಳೆಯೇ ತೂಕ ಮಾಡಿಸಿ.

ಆಳಂದ ಸದಸ್ಯೆ: ಈ ಮೆಸೇಜ್ ಬಂದಿದೆ ನೋಡಿ: ಬೀಟ್‌ರೂಟ್ ರಸಕ್ಕೆ ಜೇನು ಕಲಸಿ ನಾಲ್ಕನೇ ತಿಂಗಳಿಂದ ಕೊಟ್ಟರೆ ಏಳೇ ದಿನದಲ್ಲಿ ರಕ್ತ ತುಂಬುತ್ತದೆ. ಎಲ್ಲರಿಗೂ ಕಳಿಸಿ.

ಡಾಕ್ಟರ್: ದಯವಿಟ್ಟು ಅಳಿಸಿ. ಒಂದು ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಲೂಬಾರದು. ಅದರಲ್ಲಿ ಬೊಟುಲಿಸಂ ರೋಗಾಣುವಿನ ಬೀಜಕ ಇರಬಹುದು. ಕೂಸಿನ ಕರುಳಲ್ಲಿ ಅದು ಬೆಳೆದು ವಿಷ ಬಿಟ್ಟರೆ ಕೈಕಾಲು ಸೋಲುತ್ತವೆ, ಉಸಿರಿಗೇ ಕುತ್ತು. ಮನೆಯಲ್ಲಿ ಕಾಯಿಸಿದರೂ ಅದು ಸಾಯೋದಿಲ್ಲ.

ಆಳಂದ ಸದಸ್ಯೆ: ನಮ್ಮ ಅತ್ತೆ ನಾಲ್ಕು ಮಕ್ಕಳಿಗೂ ನೆಕ್ಕಿಸಿದ್ದಾರೆ. ಎಲ್ಲರೂ ಗಟ್ಟಿಮುಟ್ಟಾಗಿದ್ದಾರೆ.

ಬೀದರ್ ತಂದೆ: ಅಕ್ಕಾ, ನಿಮ್ಮ ಮನೆಯಲ್ಲಿ ಏನೂ ಆಗಲಿಲ್ಲ ಅಂದರೆ ಬೇರೆಯವರ ಕೂಸಿಗೂ ಆಗೋದಿಲ್ಲ ಅಂತಲೇ?

ಆಳಂದ ಸದಸ್ಯೆ: ಹಿರಿಯರಿಗೆ ಬೆಲೆಯೇ ಇಲ್ಲ ಬಿಡಿ ಈಗ.

ಯಾದಗಿರಿ ತಾಯಿ: ಅರೆಯಲು ಯಾವ ಮಿಕ್ಸಿ ಒಳ್ಳೆಯದು?

ಅಫಜಲಪುರ ತಾಯಿ: ಡಾಕ್ಟ್ರೇ, ಮಗನಿಗೆ ಐದೂವರೆ ತಿಂಗಳು. ಪಾಲಕ್, ಬೀಟ್‌ರೂಟ್ ಒಮ್ಮೆಲೇ ಅರೆದು ಮೂರು ದಿನಕ್ಕೆ ಫ್ರಿಜ್‌ನಲ್ಲಿ ಇಡುತ್ತೇನೆ. ಕರೆಂಟ್ ಹೋಗಿ ಬರುತ್ತದೆ. ಬೆಳಿಗ್ಗೆಯಿಂದ ತುಟಿ ನೀಲಿ ಕಾಣುತ್ತಿದೆ. ಬೀಟ್‌ರೂಟ್ ಬಣ್ಣ ಅಂದುಕೊಂಡೆ. ಒರೆಸಿದರೂ ಹೋಗಲಿಲ್ಲ. ಉಗುರೂ ಹಾಗೇ ಇದೆ.

ಡಾಕ್ಟರ್: ಅಮ್ಮಾ, ಇಲ್ಲಿ ಕಾಯಬೇಡಿ. 108ಕ್ಕೆ ಫೋನ್ ಮಾಡಿ, ಈಗಲೇ ದೊಡ್ಡ ಆಸ್ಪತ್ರೆಗೆ ಹೊರಡಿ. ಪ್ಯೂರಿ ಡಬ್ಬ ಜೊತೆಗಿರಲಿ. ಹೋದ ಕೂಡಲೇ ಹೇಳಿ: ಮೂರು ದಿನದ ಪಾಲಕ್, ಬೀಟ್‌ರೂಟ್ ತಿನ್ನಿಸಿದ್ದೇವೆ, ಮೆತ್‌ಹೀಮೊಗ್ಲೋಬಿನ್ ನೋಡಿ ಅಂತ. ಹೃದಯ, ಶ್ವಾಸಕೋಶದ ತೊಂದರೆಯೂ ಇರಬಹುದು, ಅದನ್ನೂ ಅವರು ನೋಡುತ್ತಾರೆ. ಯಾವ ನೀರು ಹಾಕುತ್ತೀರಿ?

ಅಫಜಲಪುರ ತಾಯಿ: ಹೊಲದ ಬೋರ್ ನೀರು. ಹೊರಟೆವು.

ಡಾಕ್ಟರ್: ಉಳಿದವರು ಇದನ್ನು ಗಮನವಿಟ್ಟು ಓದಿ. ಪಾಲಕ್, ಬೀಟ್‌ರೂಟ್‌ನಲ್ಲಿ ನೈಟ್ರೇಟ್ ಜಾಸ್ತಿ. ಗಜ್ಜರಿಯಲ್ಲೂ ಇರುತ್ತದೆ. ಅರೆದು ಇಟ್ಟಾಗ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತವೆ. ಫ್ರಿಜ್ ತಣ್ಣಗಿರದಿದ್ದರೆ ಇನ್ನೂ ಬೇಗ. ನೈಟ್ರೈಟ್ ರಕ್ತ ಸೇರಿದರೆ ಹೀಮೊಗ್ಲೋಬಿನ್ ಆಮ್ಲಜನಕ ಹೊರುವ ಕೆಲಸ ಬಿಡುತ್ತದೆ. ಹಾಗೆ ಕೆಟ್ಟ ಹೀಮೊಗ್ಲೋಬಿನ್ನೇ ಮೆತ್‌ಹೀಮೊಗ್ಲೋಬಿನ್. ಕೂಸು ನೀಲಿಯಾಗುತ್ತದೆ, ರಕ್ತ ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ. ಆರು ತಿಂಗಳೊಳಗಿನ ಮಕ್ಕಳಿಗೆ ಇದನ್ನು ಸರಿಪಡಿಸಿಕೊಳ್ಳುವ ಶಕ್ತಿ ಕಡಿಮೆ. ಯೂರಿಯಾ ಹಾಕಿದ ಹೊಲದ ಬೋರ್‌ನಲ್ಲೂ ನೈಟ್ರೇಟ್ ಇರಬಹುದು. ಕುದಿಸಿದರೆ ಹೋಗೋದಿಲ್ಲ, ನೀರು ಆವಿಯಾಗಿ ಇನ್ನೂ ಗಾಢವಾಗುತ್ತದೆ. ಸೊಪ್ಪು, ಬೀಟ್‌ರೂಟ್ ಅಂದಂದೇ ಬೇಯಿಸಿ, ಆಗಲೇ ತಿನ್ನಿಸಿ, ಉಳಿದದ್ದು ಚೆಲ್ಲಿ.

ಜೇವರ್ಗಿ ಸದಸ್ಯ: ಅದಕ್ಕೇ ಎಲ್ಲರೂ ಕ್ಯಾನ್ ನೀರು ತರಿಸಿ.

ಚಿತ್ತಾಪುರ ಸದಸ್ಯ: ಕ್ಯಾನ್ ಮಾರೋದು ನೀವೇ ಅಲ್ವಾ? ನಿಮ್ಮ ನೀರು ಪರೀಕ್ಷೆ ಮಾಡಿಸಿದ ಚೀಟಿ ತೋರಿಸಿ.

ಜೇವರ್ಗಿ ಸದಸ್ಯ: ಬಾಯಿಗೆ ಬಂದಂತೆ ಮಾತಾಡಬೇಡಿ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಹುಮನಾಬಾದ್ ತಾಯಿ: ಎಂಟು ತಿಂಗಳ ಮಗಳ ಅಂಗೈ, ಮೂಗು ಹಳದಿಯಾಗಿದೆ. ದಿನಾ ಗಜ್ಜರಿ ಕೊಡುತ್ತೇನೆ.

ಡಾಕ್ಟರ್: ಕಣ್ಣಿನ ಬಿಳಿ ಬೆಳ್ಳಗೇ ಇದ್ದರೆ ಗಜ್ಜರಿಯ ಬಣ್ಣ ಇರಬಹುದು. ಕಡಿಮೆ ಮಾಡಿ. ಕಣ್ಣೂ ಹಳದಿಯಾದರೆ ಕಾಮಾಲೆ, ತಡಮಾಡದೆ ತೋರಿಸಿ. ಎಂಟು ತಿಂಗಳಿಗೆ ನುಣ್ಣಗೆ ಅರೆಯಬೇಡಿ, ಕೈಯಿಂದ ಹಿಸುಕಿ. ಅಗಿಯಲು ಕಲಿಯಲಿ.

ಶಹಾಪುರ ತಾಯಿ: ಐದು ತಿಂಗಳಿಗೆ ಕುಂಬಳಕಾಯಿ ಕೊಡಬಹುದಾ?

ಡಾಕ್ಟರ್: ಆರು ತಿಂಗಳು. ಮೇಲೆ ಓದಿ.

ಆಳಂದ ಸದಸ್ಯೆ: ಬಜೆ ತೇಯ್ದು ನೆಕ್ಕಿಸಿದರೆ ನೀಲಿ ಇಳಿಯುತ್ತದೆ ಅಂತ ಇನ್ನೊಂದು ಗುಂಪಿನಲ್ಲಿ ಬಂದಿದೆ.

ಡಾಕ್ಟರ್: ಒಂದು ಕೂಸು ಆಂಬುಲೆನ್ಸ್‌ನಲ್ಲಿದೆ. ಇನ್ನೊಂದು ಫಾರ್ವರ್ಡ್ ಹಾಕಿದರೆ ನಾನು ಗುಂಪು ಬಿಡುತ್ತೇನೆ.

ಯಾದಗಿರಿ ತಾಯಿ: ಮಿಕ್ಸಿ ಕೇಳಿದ್ದೆ, ಯಾರೂ ಹೇಳಲಿಲ್ಲ.

ಅಫಜಲಪುರ ತಾಯಿ: ಆಸ್ಪತ್ರೆ ಮುಟ್ಟಿದೆವು. ಆಕ್ಸಿಜನ್ ಹಾಕಿದ್ದಾರೆ. ತೆಗೆದ ರಕ್ತ ಕಂದು ಬಣ್ಣ ಇತ್ತು. ಮೆತಿಲಿನ್ ಬ್ಲೂ ಕೊಡುತ್ತೇವೆ ಅಂದರು. ಭಯವಾಗುತ್ತಿದೆ ಡಾಕ್ಟ್ರೇ.

ಡಾಕ್ಟರ್: ಸರಿಯಾದ ಔಷಧಿಯೇ ಅಮ್ಮಾ. ಮೂತ್ರ ಹಸಿರು, ನೀಲಿ ಬಂದರೆ ಹೆದರಬೇಡಿ, ಅದು ಔಷಧಿಯ ಬಣ್ಣ. ಮನೆಯಲ್ಲಿ ಇದ್ದವರಿಗೆ ಹೇಳಿ, ಬೋರ್ ನೀರು ಒಂದು ಬಾಟಲಿ ಪರೀಕ್ಷೆಗೆ ತೆಗೆದಿಡಲಿ. ನಾನು ಎಚ್ಚರ ಇರುತ್ತೇನೆ, ಏನೇ ಆದರೂ ಇಲ್ಲಿ ಬರೆಯಿರಿ.