ಅಮ್ಮನ ಶುಗರ್ ನೋಡಿಕೊಳ್ಳಲು ಮನೆಗೆ ಕೇರ್‌ಟೇಕರ್: ಇಟ್ಟುಕೊಂಡವರು ಅನುಭವ ಹೇಳಿ

ಕೇಳಿದವರು: ಮೈಸೂರಿನ ಮಗಳು
ಅಮ್ಮನಿಗೆ 76. ಎರಡು ಹೊತ್ತೂ 30/70 ಇನ್ಸುಲಿನ್ (ಬೇಗ ಮತ್ತು ನಿಧಾನ ಕೆಲಸ ಮಾಡುವ ಎರಡರ ಮಿಶ್ರಣ), ಬಾಟಲಿಯದು. ಕಣ್ಣು ಮಂಜು, ಮರೆವು ಶುರುವಾಗಿದೆ. ಹೋದ ವಾರ ಒಂದೇ ಬೆಳಿಗ್ಗೆ ಎರಡು ಸಲ ಚುಚ್ಚಿಕೊಂಡಿದ್ದಾರೆ. ನನ್ನ ಕೆಲಸ ಬೆಂಗಳೂರಲ್ಲಿ. 12 ಗಂಟೆಯವರು ಸಾಕಾ, 24 ಗಂಟೆ ಬೇಕಾ? ಏಜೆನ್ಸಿಯಾ, ಪರಿಚಯದವರಾ?

ಜಯನಗರದವಳು
ನಮ್ಮ ಮಾವನವರಿಗೆ 24 ಗಂಟೆಯವರನ್ನೇ ಇಟ್ಟೆವು, ಏಜೆನ್ಸಿ ಮೂಲಕ. ತಿಂಗಳಿಗೆ 28,000, ರಿಜಿಸ್ಟ್ರೇಷನ್ 3,000, ಒಂದು ತಿಂಗಳ ಡೆಪಾಸಿಟ್ (ಇವತ್ತಿಗೂ ವಾಪಸ್ ಬಂದಿಲ್ಲ). 14 ತಿಂಗಳಲ್ಲಿ ಐದು ಜನ ಬದಲಾದರು. ಪ್ರತಿಯೊಬ್ಬರಿಗೂ ಮೊದಲಿಂದ ಪಾಠ. ಮೂರನೆಯವಳು ಏಳೂವರೆಗೆ ಇನ್ಸುಲಿನ್ ಕೊಟ್ಟು ಸ್ನಾನಕ್ಕೆ ಹೋದಳು. ಅಡುಗೆಯವರು ಅವತ್ತು ತಡ. ಎಂಟೂಮುಕ್ಕಾಲಿಗೆ ನೋಡಿದರೆ ಮಾವನವರ ಬನಿಯನ್ ಬೆವರಲ್ಲಿ ತೊಯ್ದಿದೆ, ಕರೆದರೆ ಮಾತಿಲ್ಲ. ಶುಗರ್ 41ಕ್ಕೆ ಇಳಿದಿತ್ತು. ಆ ಹುಡುಗಿ ಗಾಬರಿಯಲ್ಲಿ ಬಾಯಿಗೆ ಸಕ್ಕರೆ ನೀರು ಸುರಿದಳು. ಎಚ್ಚರ ಇಲ್ಲದವರಿಗೆ ಸುರಿಯಬಾರದು ಅಂತ ಯಾರೂ ಅವಳಿಗೆ ಹೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಯಿತು. ಆರು ದಿನ, 1,38,600 ರೂಪಾಯಿ. ಏಜೆನ್ಸಿಯವರು ಆ ಆರು ದಿನಕ್ಕೂ ನಮ್ಮಿಂದ ಸಂಬಳ ತೆಗೆದುಕೊಂಡರು.

ಈಗ ನಮ್ಮ ಮನೆಯಲ್ಲಿ ತಟ್ಟೆಗೆ ಇಡ್ಲಿ ಬೀಳುವುದು ಖಾತ್ರಿಯಾಗುವ ತನಕ ಇನ್ಸುಲಿನ್ ಫ್ರಿಜ್ಜಿನಿಂದ ಆಚೆ ಬರುವುದಿಲ್ಲ. 12 ಗಂಟೆಯವರು ಬೇಡವೇ ಬೇಡ. ರಾತ್ರಿ ಶುಗರ್ ಲೋ ಆದರೆ ಯಾರು ಎದ್ದು ನೋಡುತ್ತಾರೆ?

ಧಾರವಾಡದಾಂವ
ಇಡ್ಲಿ ಆಮ್ಯಾಲೆ ನೋಡ್ರಿ. ಮೊದಲ ಸಿರಿಂಜ್ ನೋಡ್ರಿ. ನಮ್ಮ ಅವ್ವನ ಬಾಟ್ಲಿ 40ರದು, ಅಂದ್ರ ಒಂದು ಎಂ.ಎಲ್‌ನ್ಯಾಗ 40 ಯೂನಿಟ್ ಇನ್ಸುಲಿನ್. ಅದಕ್ಕ ಕೆಂಪು ಟೊಪಗಿಯ 40ರ ಸಿರಿಂಜೇ ಬೇಕು. ಬಂದಾಕಿ ಹಿಂದಿನ ಮನ್ಯಾಗ 100ರ ಸಿರಿಂಜ್ ಹಿಡಿದು ರೂಢಿ ಆದಾಕಿ, ಕಿತ್ತಳಿ ಟೊಪಗಿದನ್ನ ತಂದ್ಲು. ಅಂಗಡಿಯಾಂವನೂ ಕೇಳದ ಕೊಟ್ಟ. 20ರ ಗೀಟಿಗೆ ಎಳೆದ್ರ ಒಳಗ ಹೋಗೂದು ಬರೇ 8 ಯೂನಿಟ್! ಫಾಸ್ಟಿಂಗ್ 340, 365, 380. ಹನ್ನೊಂದು ದಿನ. ಅವ್ವ ಕದ್ದು ಬೆಲ್ಲ ತಿನ್ನಾಕತ್ತಾಳ ಅಂತ ನಾನs ಬೈದೆ. ಡಾಕ್ಟರು ಡೋಸ್ 30ಕ್ಕ ಏರಿಸಿದ್ರು. ಅದೂ ಒಳಗ ಹೋಗಿದ್ದು 12. ಮುಂದ ಒಂದಿನ ನಾನು ಪ್ಯಾಟಿಗೆ ಹೋದಾಗ ಸರಿಯಾದ ಕೆಂಪು ಟೊಪಗಿದು ತಂದೆ, ಗೊತ್ತಿಲ್ಲದನ. ಅವತ್ತು ಸಂಜಿಗೆ ಖರೇ 30 ಯೂನಿಟ್ ಹೋತು. ರಾತ್ರಿ ಎರಡಕ್ಕ ಅವ್ವ ಏನೇನರ ಮಾತಾಡಾಕತ್ಲು. ಶುಗರ್ 38.

ಆಕಿ ಮ್ಯಾಲೆ ಸಿಟ್ಟಿಲ್ಲ. ಪೆಟ್ಟಿಗಿ ಮ್ಯಾಲೆ ಬರೆದಿದ್ದನ್ನ ನಾನು ಓದಲಿಲ್ಲ.

ಉಡುಪಿ ಸೊಸೆ
ಇಷ್ಟೆಲ್ಲ ಯಾಕೆ ಬೇಕು ಮಾರಾಯ್ರೆ? ಒಂಬತ್ತು ವರ್ಷ ಅತ್ತೆಯನ್ನು ನಾನೇ ನೋಡಿಕೊಂಡೆ. 42ಕ್ಕೆ ಶಾಲೆಯ ಕೆಲಸ ಬಿಟ್ಟೆ. ದಿನಾ ರಾತ್ರಿ ಅವರ ಪಾದ, ಬೆರಳ ಸಂದು ಎಲ್ಲ ದೀಪ ಹಿಡಿದು ನೋಡುತ್ತಿದ್ದೆ. ಒಂದು ಸಲ ಮಾತ್ರ, ನಾನು ತವರಿಗೆ ಹೋದ ನಾಲ್ಕು ದಿನ, ಸಂಬಳದ ಹೆಂಗಸು ಬಿಸಿನೀರಿನ ಬಕೆಟಿಗೆ ಅವರ ಕಾಲು ಇಳಿಸಿದಳು. ಅತ್ತೆಗೆ ಉರಿ ಗೊತ್ತಾಗುವುದಿಲ್ಲ. ಬೊಬ್ಬೆ ಎದ್ದು, ಕೊಳೆತು, ಎರಡು ಬೆರಳು ತೆಗೆದರು. ನೀರು ಬಿಸಿ ಉಂಟಾ ಅಂತ ಮೊಣಕೈ ಅದ್ದಿ ನೋಡಲಿಕ್ಕೆ ಎಷ್ಟು ಹೊತ್ತು ಬೇಕು? ಹೆತ್ತವರನ್ನು ಬಾಡಿಗೆಯವರ ಕೈಗೆ ಕೊಟ್ಟು ದೂರ ಕೂತವರಿಗೆ ಇದು ಅರ್ಥ ಆಗುವುದಿಲ್ಲ.

ಡಲ್ಲಾಸ್ ಕನ್ನಡಿಗ
ದೂರ ಕೂತವನು ನಾನೇ. ಅಪ್ಪನಿಗೆ ತೋಳಿಗೆ ಶುಗರ್ ಅಳೆಯುವ ಸೆನ್ಸರ್ ಹಾಕಿಸಿದ್ದೇನೆ. 14 ದಿನಕ್ಕೊಂದು, ತಿಂಗಳಿಗೆ ಎರಡು. ಇಲ್ಲಿಂದಲೇ ನಂಬರ್ ಕಾಣುತ್ತದೆ. ನನ್ನ ರಾತ್ರಿಗಳು ಅದರಲ್ಲೇ ಹೋಗಿವೆ. ನೀವು ಕೆಲಸ ಬಿಟ್ಟಿರಿ, ಗೌರವ ಇದೆ. ಆದರೆ ನಾನು ಬಿಟ್ಟರೆ ಅಪ್ಪನ ಡಯಾಲಿಸಿಸ್‌ಗೆ ಯಾರು ಕೊಡುತ್ತಾರೆ, ನೀವಾ?

ನನ್ನದೂ ತಪ್ಪಿದೆ, ಬರೆಯುತ್ತೇನೆ. ನಂಬರ್ 180 ದಾಟಿದರೆ ಸಾಕು, ಕೇರ್‌ಟೇಕರ್‌ಗೆ ಫೋನ್. ದಿನಕ್ಕೆ ಹತ್ತು ಸಲ. ನನ್ನ ಬೈಗುಳಕ್ಕೆ ಹೆದರಿ ಆತ ಅಪ್ಪನ ರಾತ್ರಿ ಚಪಾತಿಯನ್ನೇ ಮೂರರಿಂದ ಒಂದಕ್ಕೆ ಇಳಿಸಿದ. ಕಿಡ್ನಿ ಸರಿಯಿಲ್ಲದ ಮೈಯಲ್ಲಿ ಇನ್ಸುಲಿನ್ ಬೇಗ ಖಾಲಿಯಾಗುವುದಿಲ್ಲ, ಶುಗರ್ ಇಳಿಸುತ್ತಲೇ ಇರುತ್ತದೆ. ಒಂದೇ ವಾರದಲ್ಲಿ ಮೂರು ರಾತ್ರಿ ಲೋ. ಈ ವಯಸ್ಸಿಗೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 8ರ ಹತ್ತಿರ ಇದ್ದರೂ ಸಾಕು, ಶುಗರ್ ಬೀಳಿಸಬೇಡಿ ಅಂತ ಡಾಕ್ಟರ್ ನನಗೇ ಬೈದರು. ಆತ ಮಾರನೇ ತಿಂಗಳು ಬಿಟ್ಟು ಹೋದ. ಅಷ್ಟು ಒಳ್ಳೆಯವನು ಮತ್ತೆ ಸಿಕ್ಕಿಲ್ಲ.

ಉಡುಪಿ ಸೊಸೆ
ದುಡ್ಡಿನ ಮಾತು ನಾನು ಎತ್ತಲಿಲ್ಲ. ನೀವೇ ಎತ್ತಿದ್ದು.

ಹಾಸನದ ಸಿಸ್ಟರ್
ನಾನು ಆ ‘ಬಾಡಿಗೆಯವಳು’. ಏಳು ವರ್ಷದಿಂದ ಇದೇ ಕೆಲಸ. ಮನೆಯವರು 26,000 ಕಟ್ಟಿದರೆ ನನ್ನ ಕೈಗೆ 15,500. ಜಯನಗರದ ಮೇಡಂ, ಆ ಹುಡುಗಿ ಸ್ನಾನಕ್ಕೆ ಹೋಗಿದ್ದು ಅಪರಾಧವಾ? 24 ಗಂಟೆ ಅಂತ ಬರೆಸಿಕೊಂಡರೆ ನಿದ್ದೆ, ಸ್ನಾನ ಯಾವಾಗ ಮಾಡಬೇಕು? ಅಡುಗೆಯವರು ತಡ ಮಾಡಿದ್ದಕ್ಕೆ ಬೈಸಿಕೊಂಡವಳು ಅವಳು.

ಗೌರಿಹಬ್ಬಕ್ಕೆ ಮಗ ಬಂದು ಅಜ್ಜಿಗೆ ಮೂರು ಹೋಳಿಗೆ ತಿನ್ನಿಸುತ್ತಾರೆ. ಮಾರನೇ ದಿನ 310 ಬಂದರೆ ಪುಸ್ತಕದಲ್ಲಿ ನನ್ನ ಕೈಬರಹ. ಶುಗರ್ ನೋಡುವ ಸ್ಟ್ರಿಪ್ ಒಂದಕ್ಕೆ 20 ರೂಪಾಯಿ, ಸುಮ್ಮನೆ ಖರ್ಚು ಮಾಡಬೇಡ ಅಂತಾರೆ, ಆಮೇಲೆ ಯಾಕೆ ನೋಡಲಿಲ್ಲ ಅಂತಾರೆ. ಹೊಟ್ಟೆಯ ಒಂದೇ ಜಾಗಕ್ಕೆ ಚುಚ್ಚಿ ಚುಚ್ಚಿ ಗಂಟಾಗಿತ್ತು, ಅಲ್ಲಿ ಕೊಟ್ಟ ಔಷಧ ಸರಿಯಾಗಿ ಹೀರುವುದಿಲ್ಲ ಅಂತ ಕಂಡುಹಿಡಿದು ಜಾಗ ಬದಲಾಯಿಸಿದವಳೂ ನಾನೇ. ಒಂದೇ ತಿಂಗಳಲ್ಲಿ ಡೋಸ್ ಇಳಿಯಿತು. ಅದನ್ನು ಯಾರೂ ಬರೆದಿಡಲಿಲ್ಲ.

ಜಯನಗರದವಳು
ಅಪರಾಧ ಅಂತ ನಾನು ಬರೆದಿಲ್ಲ. ನನಗೂ ಗೊತ್ತಿರಲಿಲ್ಲ ಅಂತಲೇ ಬರೆದೆ. ಇನ್ನೊಂದು ಸಲ ಓದಿ.

ಮಂಡ್ಯ ಅಜ್ಜಿ ಮೊಮ್ಮಗ
ಯಾರೂ ಊಟದ ಬಗ್ಗೆ ಹೇಳ್ತಾ ಇಲ್ಲ. ಅನ್ನ ಬಿಡಿಸಿ ಮೂರು ಹೊತ್ತೂ ರಾಗಿ ಕೊಡಿ, ಕೇರ್‌ಟೇಕರ್ರೇ ಬೇಡ.

ಹಾಸನದ ಸಿಸ್ಟರ್
ಇದನ್ನೇ ನಂಬಿ ಒಂದು ಮನೆಯವರು ದಿನಕ್ಕೆ ಮೂರು ಲೋಟ ರಾಗಿ ಗಂಜಿ ಕುಡಿಸಿದರು. ರಾಗಿಯೂ ಹಿಟ್ಟೇ ಅಣ್ಣ. ನುಣ್ಣಗೆ ಗಂಜಿ ಮಾಡಿದರೆ ಸರ್ರನೆ ಏರುತ್ತೆ. ಮುದ್ದೆ ಕೊಡಿ, ಚಿಕ್ಕದು, ಜೊತೆಗೆ ಸೊಪ್ಪಿನ ಸಾರು ಜಾಸ್ತಿ.

ಮಂಡ್ಯ ಅಜ್ಜಿ ಮೊಮ್ಮಗ
ನಮ್ಮಜ್ಜಿ 91 ಬದುಕಿದ್ರು, ರಾಗಿ ತಿಂದೇ.

ಧಾರವಾಡದಾಂವ
ನಿಮ್ಮಜ್ಜಿ ಇನ್ಸುಲಿನ್ ತಗೋತಿದ್ರೇನು? ಇಲ್ಲಾಂದ್ರ ಸುಮ್ನಿರ್ರಿ.

ಮೈಸೂರಿನ ಮಗಳು
ಈಗಷ್ಟೇ ಪಕ್ಕದ ಮನೆ ಆಂಟಿಗೆ ಫೋನ್ ಮಾಡಿ ಅಮ್ಮನ ಡಬ್ಬ ತೆಗೆಸಿದೆ. ಕೆಂಪು ಟೋಪಿ ಎರಡು, ಕಿತ್ತಳೆ ಐದು. ಬಾಟಲಿ ಮೇಲೆ 40 ಅಂತ ಇದೆ. ಇವತ್ತು ಬೆಳಿಗ್ಗೆ ಯಾವುದು ಅಂದರೆ ಅಮ್ಮನಿಗೆ ನೆನಪಿಲ್ಲ.

ಧಾರವಾಡದಾಂವ
ಕಿತ್ತಳಿದ್ದೆಲ್ಲ ಈಗs ಬ್ಯಾರೆ ಇಡಸ್ರಿ. ಸಂಜಿ ಸೂಜಿಗಿಂತ ಮೊದಲ ಡಾಕ್ಟರಿಗೆ ಫೋನ್ ಹಚ್ಚ್ರಿ, ಎರಡೂ ಬಣ್ಣದ್ದು ಹೇಳ್ರಿ. ಈಗಿನ ಡೋಸ್ ಯಾವ ಸಿರಿಂಜ್ ಮ್ಯಾಲೆ ಕೂಡಿಸಿದ್ದೋ ಯಾರಿಗೂ ಗೊತ್ತಿಲ್ಲ. ರಾತ್ರಿ ಆ ಆಂಟಿನ್ನ ಅಲ್ಲೇ ಮಲಗಾಕ ಕೇಳ್ರಿ. ಎರಡಕ್ಕ ಒಂದು ಸ್ಟ್ರಿಪ್ ಹಾಕಲಿ.