ಸಹಾಯ ಬೇಕು: '52' ಕಾಮಿಕ್ಸ್‌ನ 15ನೇ ಸಂಚಿಕೆ ಯಾರ ಹತ್ತಿರವಾದರೂ ಇದೆಯಾ?

ಎಲ್ಲರಿಗೂ ನಮಸ್ಕಾರ. ನಾನಿರುವುದು ನ್ಯೂಜೆರ್ಸಿಯಲ್ಲಿ. ಹೋದ ಶನಿವಾರ ಪಕ್ಕದ ಬೀದಿಯ ಗರಾಜ್ ಸೇಲ್‌ನಲ್ಲಿ ಡಿಸಿ ಕಾಮಿಕ್ಸ್‌ನ '52' ಸರಣಿ ಡಬ್ಬ ಸಮೇತ ಸಿಕ್ಕಿತು. ಗೊತ್ತಿಲ್ಲದವರಿಗೆ ಹೇಳುವುದಾದರೆ, 2006ರ ಮೇ ತಿಂಗಳಿಂದ ಒಂದು ವರ್ಷ, ವಾರಕ್ಕೊಂದರಂತೆ ತಪ್ಪದೆ 52 ಸಂಚಿಕೆ ಬಂದಿದ್ದವು, ಕಥೆಯೂ ಹಾಗೇ ವಾರ ವಾರ ಮುಂದೆ ಹೋಗುತ್ತದೆ, ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ವಂಡರ್ ವುಮನ್ ಮೂವರೂ ಕಣ್ಮರೆಯಾದ ವರ್ಷ ಅದು.

ಡಬ್ಬದ ಮೇಲೆ 'ಪೂರ್ತಿ ಸೆಟ್' ಅಂತ ದಪ್ಪ ಮಾರ್ಕರ್‌ನಲ್ಲಿ ಬರೆದಿತ್ತು. ನಂಬಿ ತಂದೆ. ಮನೆಗೆ ಬಂದು ನೆಲದ ಮೇಲೆ ಹರಡಿ ಎಣಿಸಿದರೆ 52 ಸರಿಯಾಗೇ ಇವೆ, ಆದರೆ 14 ಎರಡಿವೆ, 15 ಇಲ್ಲ! ಅದೂ ಬೂಸ್ಟರ್ ಗೋಲ್ಡ್ ಎಂಬ ಸೂಪರ್‌ಹೀರೋನ ಕಥೆ ತಿರುಗುವ ಸಂಚಿಕೆಯೇ ಹೋಗಬೇಕಾ? (ಏನಾಗುತ್ತದೆ ಅಂತ ದಯವಿಟ್ಟು ಕಾಮೆಂಟ್‌ನಲ್ಲಿ ಹೇಳಬೇಡಿ.) 16ರಲ್ಲಿ ಇನ್ನೊಂದು ಪಾತ್ರ ಬ್ಲ್ಯಾಕ್ ಆಡಮ್‌ನ ಮದುವೆಯಂತೆ, ಅದನ್ನು ತೆರೆಯದೆ ಕಾಯುತ್ತಾ ಕೂತಿದ್ದೇನೆ.

ಒಟ್ಟಿಗೆ ಬೈಂಡ್ ಮಾಡಿದ ಪುಸ್ತಕ ಸಿಗುತ್ತದೆ, ಗೊತ್ತು, ಅದು ಬೇಡ. ಬಿಡಿ ಸಂಚಿಕೆಯೇ ಬೇಕು. ಮುಖಬೆಲೆ ಎರಡೂವರೆ ಡಾಲರ್, ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ, ಅಂಚೆ ಖರ್ಚೂ ನನ್ನದೇ. ಪಿನ್ ತುಕ್ಕು ಹಿಡಿದಿದ್ದರೂ, ಮೂಲೆ ಮಡಚಿದ್ದರೂ ನಡೆಯುತ್ತದೆ, ಒಳಗಿನ ಪುಟ ಮಾತ್ರ ಹರಿದಿರಬಾರದು. ಬೆಂಗಳೂರಿನಲ್ಲಿ ಯಾರ ಹತ್ತಿರವಾದರೂ ಇದ್ದರೆ ಇನ್ನೂ ಒಳ್ಳೆಯದು, ಡಿಸೆಂಬರ್‌ನಲ್ಲಿ ಊರಿಗೆ ಬರುತ್ತಿದ್ದೇನೆ. ಬದಲಿಗೆ 14 ಬೇಕಾದವರಿಗೆ ಸುಮ್ನೆ ಕೊಡುತ್ತೇನೆ.