ಏಳನೆಯ ತಿಂಗಳಲ್ಲಿ ಟ್ರೈಗ್ಲಿಸರೈಡ್ ಹೆಚ್ಚು: ಮತ್ತೆ ಪ್ರಿ-ಎಕ್ಲಾಂಪ್ಸಿಯಾ ಬರಬಹುದೇ?

ಪ್ರಶ್ನೆ (ತುಮಕೂರಿನಿಂದ)

ನಮಸ್ಕಾರ. ನನ್ನ ತಂಗಿಗೆ ಈಗ 28 ವಾರ, ಎರಡನೆಯ ಬಸಿರು. ಮೊದಲನೆಯ ಸಲ ಪ್ರಿ-ಎಕ್ಲಾಂಪ್ಸಿಯಾ (ಬಸುರಿನಲ್ಲಿ ಬಿ.ಪಿ. ಅಪಾಯಕರವಾಗಿ ಏರುವ ಕಾಯಿಲೆ) ಆಗಿ 35ನೆಯ ವಾರದಲ್ಲೇ ಸಿಸೇರಿಯನ್ ಮಾಡಬೇಕಾಯಿತು. ಹಾಗಾಗಿ ಈ ಬಾರಿ ವೈದ್ಯರು 12ನೆಯ ವಾರದಿಂದಲೇ ಆಸ್ಪಿರಿನ್ ಕೊಟ್ಟಿದ್ದಾರೆ. ಕಳೆದ ವಾರ ಸಕ್ಕರೆ ಪರೀಕ್ಷೆಗೆ ಹೋದಾಗ, ಪ್ಯಾಕೇಜಿನಲ್ಲಿ ಸೇರಿದೆಯೆಂದು ಲ್ಯಾಬಿನವರು ರಕ್ತದ ಕೊಬ್ಬು ಅಳೆಯುವ ಲಿಪಿಡ್ ಪ್ರೊಫೈಲನ್ನೂ ಮಾಡಿದರು. ಕೊಲೆಸ್ಟ್ರಾಲ್ 254, ಟ್ರೈಗ್ಲಿಸರೈಡ್ 238; ಎರಡರ ಪಕ್ಕದಲ್ಲೂ ದಪ್ಪ ಅಕ್ಷರದಲ್ಲಿ ‘ಹೆಚ್ಚು’ ಎಂದು ಅಚ್ಚಾಗಿದೆ. ಆ ಹಾಳೆ ನೋಡಿದ ದಿನದಿಂದ ಅವಳ ಅತ್ತೆಯವರು ತುಪ್ಪ, ಹಾಲು, ಕಡಲೆಕಾಯಿ ಎಲ್ಲವನ್ನೂ ನಿಲ್ಲಿಸಿದ್ದಾರೆ. ಬಿ.ಪಿ. ಸದ್ಯ 118/76 ಇದೆ. ಈ ಕೊಬ್ಬಿನಿಂದಲೇ ಹಳೆಯ ತೊಂದರೆ ಮರುಕಳಿಸಬಹುದೇ?

ಉತ್ತರ (ಪ್ರಸೂತಿ ವೈದ್ಯೆ)

ಮೊದಲು ಆ ಹಾಲು, ಕಡಲೆಕಾಯಿಯನ್ನು ಮತ್ತೆ ಕೊಡಲು ಹೇಳಿ. ಬಸುರಿಯ ರಕ್ತದಲ್ಲಿ ಕೊಬ್ಬು ಏರುವುದು ಸಹಜ. ಮೊದಲ ತಿಂಗಳುಗಳಲ್ಲಿ ಮೈ ಕೂಡಿಟ್ಟ ಕೊಬ್ಬು ಆರನೆಯ ತಿಂಗಳ ನಂತರ ಕರಗಿ ರಕ್ತಕ್ಕೆ ಬರುತ್ತದೆ, ಈಸ್ಟ್ರೋಜನ್ ಹಾರ್ಮೋನಿನ ಪ್ರಭಾವದಿಂದ ಯಕೃತ್ತು ಟ್ರೈಗ್ಲಿಸರೈಡನ್ನು ಹೆಚ್ಚು ತಯಾರಿಸುತ್ತದೆ. ಹೀಗೆ ತಾಯಿ ತಾನು ಕೊಬ್ಬನ್ನು ಉರಿಸಿಕೊಂಡು ಗ್ಲೂಕೋಸನ್ನು ಮಗುವಿಗೆ ಉಳಿಸುತ್ತಾಳೆ. ಕೊನೆಯ ಮೂರು ತಿಂಗಳ ಹೊತ್ತಿಗೆ ಟ್ರೈಗ್ಲಿಸರೈಡ್ ಎರಡು ಮೂರು ಪಟ್ಟಾಗುತ್ತದೆ, ಕೊಲೆಸ್ಟ್ರಾಲ್ ಶೇ. 25ರಿಂದ 50ರಷ್ಟು ಏರುತ್ತದೆ. ಲ್ಯಾಬಿನ ಹಾಳೆಯಲ್ಲಿರುವ 150 ಮತ್ತು 200ರ ಗಡಿ ಬಸುರಿಯರಲ್ಲದವರಿಗೆ ಹಾಕಿದ್ದು.

ಹಾಗೆಂದು ನಂಟೇ ಇಲ್ಲ ಎನ್ನಲಾರೆ. ಪ್ರಿ-ಎಕ್ಲಾಂಪ್ಸಿಯಾ ಆಗುವವರಲ್ಲಿ ಟ್ರೈಗ್ಲಿಸರೈಡ್ ಸರಾಸರಿಯಲ್ಲಿ ಉಳಿದ ಬಸುರಿಯರಿಗಿಂತ ಹೆಚ್ಚಿರುತ್ತದೆ, ಅದೂ ಬಿ.ಪಿ. ಏರುವ ಮೊದಲೇ. ಅವರಲ್ಲಿ ಕೆಲವರ ಗರ್ಭಕೋಶದ ಸುರುಳಿ ರಕ್ತನಾಳಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕೊಬ್ಬು ತುಂಬಿ ನೊರೆಯಂತೆ ಉಬ್ಬಿದ ಜೀವಕೋಶಗಳು ಗೋಡೆಯಲ್ಲಿ ಕಾಣುತ್ತವೆ. ಹೃದಯದ ರಕ್ತನಾಳ ಕಟ್ಟಿಕೊಳ್ಳುವಾಗ ಸಿಗುವಂಥವೇ ಅವು. ಆದರೆ ತೊಂದರೆ ಬಹುಮಟ್ಟಿಗೆ ಮಾಸು ಬೇರೂರುವ ಹೊತ್ತಿನಲ್ಲೇ ಶುರುವಾಗಿರುತ್ತದೆ. ಆ ನಾಳಗಳು ಸರಿಯಾಗಿ ಅಗಲವಾಗದೆ ಮಾಸಿಗೆ ರಕ್ತ ಸಾಲದಾದಾಗ, ಅದು ತಾಯಿಯ ರಕ್ತನಾಳಗಳ ಒಳಪದರವನ್ನು ಕೆಡಿಸುವ ಪ್ರೋಟೀನುಗಳನ್ನು ಬಿಡುತ್ತದೆ. ಏಳನೆಯ ತಿಂಗಳಲ್ಲಿ ಒಂದು ಚಮಚ ತುಪ್ಪ ಬಿಟ್ಟರೆ ಅದು ಹಿಮ್ಮೆಟ್ಟುವುದಿಲ್ಲ, 238 ಎಂಬ ಅಂಕಿಯಿಂದ ನಿಮ್ಮ ತಂಗಿಗೆ ಅದು ಬರುತ್ತದೋ ಇಲ್ಲವೋ ಎಂದು ಹೇಳಲೂ ಆಗದು. ಟ್ರೈಗ್ಲಿಸರೈಡ್ ಸಾವಿರದ ಹತ್ತಿರ ಹೋದರೆ ಮಾತ್ರ ಮೇದೋಜೀರಕ ಗ್ರಂಥಿಗೆ ಅಪಾಯ. ಆಗ ಚಿಕಿತ್ಸೆಯೇ ಬೇರೆ. ಅವಳಿಗೆ ನಿಜಕ್ಕೂ ನೆರವಾಗುವುದು ಆ ಆಸ್ಪಿರಿನ್, ತಪ್ಪದೆ ಸೇವಿಸುವ ಕ್ಯಾಲ್ಸಿಯಂ, ಪ್ರತಿ ಭೇಟಿಯಲ್ಲೂ ಬಿ.ಪಿ. ಮತ್ತು ಮೂತ್ರದ ಪರೀಕ್ಷೆ.

ಉತ್ತರ (ಇದನ್ನು ಅನುಭವಿಸಿದವಳು)

ಅಕ್ಕ, ನನ್ನ ವಿಷಯ ಹೇಳುತ್ತೇನೆ. 33ನೆಯ ವಾರದಲ್ಲಿ ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬಂದಾಗ ಗ್ಯಾಸ್ಟ್ರಿಕ್ ಎಂದುಕೊಂಡು ಎರಡು ದಿನ ಜೀರಿಗೆ ಕಷಾಯ ಕುಡಿದೆ. ಬೆರಳಿನ ಉಂಗುರ ಸೋಪು ಹಚ್ಚಿದರೂ ಬರಲಿಲ್ಲ, ಮುಖ ಊದಿತು. ಎಲ್ಲರೂ ಬಸುರಿಯ ಊತವೆಂದರು. ಕಣ್ಣು ಮಂಜಾದ ಮೇಲೆ ಆಸ್ಪತ್ರೆಗೆ ಹೋದರೆ ಬಿ.ಪಿ. 170/112. ಫಿಟ್ಸ್ ಬಾರದಿರಲೆಂದು ಮೆಗ್ನೀಸಿಯಂ ಇಂಜೆಕ್ಷನ್ ಕೊಟ್ಟು, ಆ ರಾತ್ರಿಯೇ ಹೆರಿಗೆ ಮಾಡಿಸಿದರು. ದಯವಿಟ್ಟು ತೋಳಿಗೆ ಕಟ್ಟುವ ಬಿ.ಪಿ. ಯಂತ್ರವೊಂದನ್ನು ಮನೆಯಲ್ಲಿಡಿ. 140/90 ದಾಟಿದರೆ, ಇಲ್ಲವೇ ಬಿಡದ ತಲೆನೋವು, ಕಣ್ಣು ಮಂಜು, ಮೇಲುಹೊಟ್ಟೆಯ ನೋವು ಬಂದರೆ ಬೆಳಗಾಗಲೆಂದು ಕಾಯಬೇಡಿ.

ಉತ್ತರ (ಪ್ರಸೂತಿ ವೈದ್ಯೆ)

ಮೇಲಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ: ಹೆರಿಗೆಯಾದ ಮೊದಲ ವಾರಗಳಲ್ಲೂ ಬಿ.ಪಿ. ಏರಬಹುದು, ಆದ್ದರಿಂದ ಬಾಣಂತನದಲ್ಲೂ ಆ ಯಂತ್ರ ಕೈಗೆ ಸಿಗುವಂತಿರಲಿ. ಒಮ್ಮೆ ಪ್ರಿ-ಎಕ್ಲಾಂಪ್ಸಿಯಾ ಆದವರಿಗೆ ಮುಂದೆ ಹೃದಯದ ಕಾಯಿಲೆಯ ಸಂಭವ ಸುಮಾರು ಎರಡು ಪಟ್ಟು. ಹೆರಿಗೆಯಾಗಿ ಮೂರು ತಿಂಗಳ ನಂತರ ಇದೇ ಲಿಪಿಡ್ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ. ಆಗಲೂ ‘ಹೆಚ್ಚು’ ಎಂದೇ ಬಂದರೆ ಆ ಹಾಳೆಯನ್ನು ವೈದ್ಯರಿಗೆ ತೋರಿಸಲೇಬೇಕು.